ಬೈತಲೆಯ ಬಿಳಿ ಗೆರೆ

ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಬೇಕೆಂದರೆ ಸುಮಂಗಲಾಳ ಪಾರ್ಲರಿಗೇ ಹೋಗಬೇಕು ಎಂದು ಸದಾಶಿವ ಪೇಠೆಯ ಹೆಂಗಸರು ಹೇಳುತ್ತಿದ್ದರು. ಹಳೆಯ ವಾಡೆಯೊಂದರ ಕೆಳಗಿನ ಕೋಣೆ, ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಬಾಗಿಲಿಗೊಂದು ಹೂವಿನ ಪರದೆ, ಇಷ್ಟೇ ಆಕೆಯ ಸಾಮ್ರಾಜ್ಯ. ಕ್ಲಾಸು ನಡೆಸುವ ಟೀಚರುಗಳು, ಬ್ಯಾಂಕಿನ ಹೆಂಗಸರು, ಮಗನ ಮದುವೆ ಹತ್ತಿರ ಬಂದಾಗ ಮಾತ್ರ ತಮಗೂ ಒಂದು ತಲೆಯಿದೆ ಎಂದು ನೆನಪಾಗುವ ಅಜ್ಜಿಯರು, ಎಲ್ಲರೂ ಬರುತ್ತಿದ್ದರು. ಬಂದವರು ಕನ್ನಡಿಯಲ್ಲಿ ಆಕೆಯ ದಪ್ಪ ಕರಿ ಜಡೆಯನ್ನು ನೋಡಿ, ಯಾವ ಎಣ್ಣೆ ಹಚ್ಚುತ್ತೀಯೆ ಎಂದು ಮರಾಠಿಯಲ್ಲಿ ಕೇಳುವರು. ಕೊಬ್ಬರಿ ಎಣ್ಣೆ, ಅಷ್ಟೇ, ಎಂದು ಆಕೆ ನಗುವಳು. ಈ ಒಂದು ಸುಳ್ಳನ್ನು ಆಕೆಯಷ್ಟು ಸಲೀಸಾಗಿ ಹೇಳುವವರು ಇಡೀ ಪುಣೆಯಲ್ಲಿ ಇರಲಿಲ್ಲ.

ಆ ಜಡೆ ಬುಡದಿಂದ ಬಿಳಿ. ಹದಿನೈದನೆಯ ವಯಸ್ಸಿಗೆ ಕಿವಿಯ ಮೇಲೆ ಶುರುವಾದದ್ದು ಹದಿನೆಂಟು ತುಂಬುವುದರೊಳಗೆ ನೆತ್ತಿಗೆ ಏರಿತ್ತು. ಮೊದಲ ಬಿಳಿ ಎಳೆಗಳನ್ನು ಕಂಡ ದಿನ ಆಕೆಯ ತಾಯಿ ಕಾಶವ್ವ ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ್ದಳು. ಕಬ್ಬಿಣದ ಬಾಣಲೆಯಲ್ಲಿ ಚಹದ ಡಿಕಾಕ್ಷನ್ನು, ಅದರಲ್ಲಿ ಕಪ್ಪು ಮೆಹಂದಿಯ ಪುಡಿ. ಹಚ್ಚುತ್ತ ಹಚ್ಚುತ್ತ ಕಾಶವ್ವ ಅಳುತ್ತಿದ್ದಳು, ಬೈಯುತ್ತಲೂ ಇದ್ದಳು. ಬೈಗುಳವೆಲ್ಲ ಸತ್ತುಹೋದ ಗಂಡನಿಗೆ.

ಆ ಗಂಡ ಅಪ್ಪಾಸಾಹೇಬ ಅಥಣಿಯ ಕಡೆಯಿಂದ ಬಂದು ಲಕ್ಷ್ಮಿ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಕಾರಕೂನನಾಗಿದ್ದ. ಮೂವತ್ತಕ್ಕೇ ತಲೆ ಬೆಳ್ಳಗಾಗಿತ್ತು, ನಲವತ್ತಾಗುವಾಗ ಕೆಮ್ಮು ಹತ್ತಿತು. ಕ್ಷಯವೆಂದು ಗುಳಿಗೆ ಕೊಟ್ಟರು. ಗುಳಿಗೆ ಮುಗಿದವು, ಕೆಮ್ಮು ಮುಗಿಯಲಿಲ್ಲ. ಉಸಿರು ಸಾಲದೆ ಗೋಡೆಗೆ ಒರಗಿ ಕುಳಿತೇ ಪ್ರಾಣ ಬಿಟ್ಟ. ಕ್ಷಯದವರ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಕಾಶವ್ವ ತಿಂಗಳೊಳಗೆ ಆ ಓಣಿ ಬಿಟ್ಟು, ತನ್ನನ್ನು ಯಾರೂ ಅರಿಯದ ಸದಾಶಿವ ಪೇಠೆಗೆ ಬಂದಳು. ಬರುವಾಗ ದಾರಿಯಲ್ಲೇ ಗಂಡನ ಸಾವನ್ನು ಬದಲಿಸಿದಳು.

ಮುಂದೆ ಹೆಣ್ಣು ನೋಡಲು ಬಂದವರು ಕೇಳುವುದು ಅವೇ ಪ್ರಶ್ನೆಗಳು, ಕಾಶವ್ವ ಹೇಳುವುದು ಅವೇ ಉತ್ತರಗಳು.

"ಹುಡುಗೀ ತಂದಿ ಹ್ಯಾಂಗ ತೀರಿಕೊಂಡ್ರು?"

"ಸ್ಕೂಟರ್ ಆಕ್ಸಿಡೆಂಟ್ರೀ. ಕಾತ್ರಜ ಘಾಟಿನ್ಯಾಗ."

"ಮನಿತನದಾಗ ಏನರೆ ಜಡ್ಡು-ಜಾಪತ್ರಿ?"

"ಏನೇನೂ ಇಲ್ರಿ. ನಮ್ಮ ಮಾವನವರು ಗಟ್ಟಿ ಮುದುಕ್ರು."

ಗಟ್ಟಿ ಮುದುಕರು ಐವತ್ತೈದಕ್ಕೇ ಹೋಗಿದ್ದರು. ಆದರೆ ಕಾಶವ್ವನ ಮುಖ ನೋಡಿದರೆ ಆ ಮಾವ ಈಗಲೂ ಪಡಸಾಲೆಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದಾನೆ ಎನ್ನಬೇಕು, ಅಷ್ಟು ಖಾತ್ರಿ. ಹೀಗೆ ತೊಂಬತ್ತೈದರಲ್ಲಿ ಸುಮಂಗಲಾಳ ಮದುವೆ ದಿಗಂಬರನೊಂದಿಗೆ ಆಯಿತು. ರಾಂಜಣಗಾಂವದ ಕಡೆ ಕಾರ್ಖಾನೆಯಲ್ಲಿ ಸೂಪರ್‌ವೈಸರು, ಮಿತಭಾಷಿ, ಒಳ್ಳೆಯವನು. ಅತ್ತೆ ಚನ್ನಬಸವ್ವ ಮಾತ್ರ ಸೀರೆ ಕೊಳ್ಳುವಾಗ ನೂಲು ನೂಲು ಬಿಡಿಸಿ ನೋಡುವವಳು. ಮಗಳನ್ನು ಕಳಿಸುವ ದಿನ ಕಾಶವ್ವ ತನ್ನ ತಲೆಯ ಮೇಲೆ ಮಗಳ ಕೈ ಇಡಿಸಿಕೊಂಡು, "ಸಾಯೂ ತನಕ ಬಾಯಿ ಬಿಡಬ್ಯಾಡ" ಎಂದು ಆಣೆ ಹಾಕಿಸಿದಳು.

ಅಂದಿನಿಂದ ಸುಮಂಗಲಾ ಹೆದರಿಕೆಯಲ್ಲೇ ಸಂಸಾರ ಮಾಡಿದಳು. ಪಾರ್ಲರ್ ತೆಗೆದದ್ದೂ ಅದಕ್ಕೇ ಎಂದರೆ ತಪ್ಪಿಲ್ಲ. ಬಣ್ಣದ ವಾಸನೆ ಮೈಗೆ ಅಂಟಿದ್ದರೆ ಯಾರೂ ಏನೆಂದು ಕೇಳುವಂತಿಲ್ಲ. ವಾರದ ರಜೆಯ ದಿನ ಸ್ವಚ್ಛ ಮಾಡುವ ನೆವದಿಂದ ಹೋಗಿ, ಒಳಗಿನಿಂದ ಚಿಲಕ ಹಾಕಿ, ತನ್ನ ಬೈತಲೆಗೆ ತಾನೇ ಬ್ರಶ್ಶು ಆಡಿಸುವಳು. ಗಂಡ ಪ್ರೀತಿಯಿಂದ ತಲೆಯ ಮೇಲೆ ಕೈಯಿಟ್ಟರೂ ಆಕೆ ತಲೆ ಸರಿಸಿಕೊಳ್ಳುತ್ತಿದ್ದಳು. ಹೆರಿಗೆಯಾದಾಗ ಬಚಾವಾದದ್ದು ನಮ್ಮ ಕಡೆಯ ಬಾಣಂತನದ ಪದ್ಧತಿಯಿಂದ. ತವರಿನಲ್ಲಿ ಐದು ತಿಂಗಳು, ಗಾಳಿ ಹೊಗಬಾರದೆಂದು ಕಿವಿ ಮುಚ್ಚಿ ತಲೆಗೆ ಬಿಗಿದ ಸ್ಕಾರ್ಫು. ಮೊಮ್ಮಗಳನ್ನು ನೋಡಲು ಚನ್ನಬಸವ್ವ ಬಂದಾಗಲೆಲ್ಲ ಕಾಶವ್ವ ಓಡಿ ಬಂದು ಆ ಸ್ಕಾರ್ಫನ್ನು ಇನ್ನೂ ಒಂದು ಸುತ್ತು ಬಿಗಿಯುತ್ತಿದ್ದಳು. ಎಂಥ ಕಾಳಜಿ ನೋಡು ಎಂದು ಬೀಗಿತ್ತಿ ಮೆಚ್ಚಿಕೊಂಡಳು.

ಎರಡು ಸಾವಿರದ ಏಳರ ಬೇಸಗೆಯಲ್ಲಿ ಸುಮಂಗಲಾಳ ತಮ್ಮ ಬಸವಪ್ರಭು ಹಲ್ಲುಜ್ಜುವಾಗ ರಕ್ತ ಉಗುಳತೊಡಗಿದ. ಇಪ್ಪತ್ತೆಂಟರ ಹುಡುಗ, ಭಾವನ ಕಾರ್ಖಾನೆಯಲ್ಲೇ ಫಿಟರ್. ಅವನ ಕೂದಲು ಮಾತ್ರ ಕಪ್ಪಗಿತ್ತು; ಮಗ ತಪ್ಪಿಸಿಕೊಂಡ ಎಂದು ಕಾಶವ್ವನಿಗೆ ಒಳಗೊಳಗೇ ಹಿಗ್ಗು. ಉಗುರುಗಳು ಸೀಳಿ ಸವೆದಿದ್ದವು, ಅದು ಯಂತ್ರದ ಎಣ್ಣೆಯಿಂದ ಎಂದು ಎಲ್ಲರೂ ತಿಳಿದಿದ್ದರು. ಆಮೇಲೆ ತೊಡೆಯ ಮೇಲೆ, ತೋಳಿನ ಮೇಲೆ ಪೆಟ್ಟಿಲ್ಲದೆ ನೀಲಿ ಕಲೆಗಳು ಎದ್ದವು. ಒಂದು ಮುಂಜಾನೆ ಮೂಗಿನ ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎಲುಬಿನೊಳಗಿನ ಮಜ್ಜೆ ಬತ್ತಿದೆ, ಅದು ರಕ್ತ ಮಾಡುವುದನ್ನೇ ನಿಲ್ಲಿಸಿದೆ, ಹೊಂದುವವರ ಮಜ್ಜೆ ತೆಗೆದು ಹಾಕಬೇಕು ಎಂದರು.

ರಕ್ತರೋಗದ ಡಾಕ್ಟರ್ ಭಾಮಾ ಅರವತ್ತರ ಹತ್ತಿರದ ಮರಾಠಿ ಹೆಂಗಸು, ಸಾವಧಾನದವರು. ಹುಡುಗನ ಉಗುರುಗಳನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಿದರು. ಇವನ ತಂದೆ ಹೇಗೆ ತೀರಿಕೊಂಡರು? ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಕೂದಲು ಹಣ್ಣಾಗಿತ್ತೇ? ಉಸಿರಾಡುವ ಪುಪ್ಪುಸದ ರೋಗ? ಅಕಾಲದ ಸಾವು?

ಕೋಣೆಯಲ್ಲಿ ದಿಗಂಬರನಿದ್ದ, ಚನ್ನಬಸವ್ವ ಇದ್ದಳು. ಕಾಶವ್ವ ಕಣ್ಣು ಮಿಟುಕಿಸದೆ ತನ್ನ ಗಡಸು ಮರಾಠಿಯಲ್ಲಿ, ಸ್ಕೂಟರ್ ಆಕ್ಸಿಡೆಂಟು, ಕಾತ್ರಜ ಘಾಟು ಎಂದಳು. ಮನೆತನದಲ್ಲಿ ಏನೇನೂ ಇಲ್ಲ, ಮಾವನವರು ಗಟ್ಟಿ ಮುದುಕರು ಎಂದಳು. ಅವಳಿಗೆ ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಿದಂತೆಯೂ ಇರಲಿಲ್ಲ. ಬೀಗರ ಎದುರಿಗೆ ಈ ಪ್ರಶ್ನೆ ಬಂದರೆ ಈ ಉತ್ತರ, ಅಷ್ಟೇ ಅವಳಿಗೆ ಗೊತ್ತು. ಸುಮಂಗಲಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಡಾಕ್ಟರು ಹಾಗಾದರೆ ಸರಿ ಎಂದರು.

ಅಕ್ಕನ ಮಜ್ಜೆ ತಮ್ಮನಿಗೆ ಪೂರ್ತಿ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ತಿಳಿದ ದಿನ ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಮಜ್ಜೆ ಹಾಕುವುದು ಗಣಪತಿಯನ್ನು ಕಳಿಸಿದ ಮೇಲಿನ ವಾರ ಎಂದು ಗೊತ್ತುಮಾಡಿದರು. ಕೊಡುವವಳಿಗೆ ಎಲ್ಲವನ್ನೂ ತಿಳಿಸಿ ಹೇಳಬೇಕೆಂದು ಡಾಕ್ಟರ್ ಭಾಮಾ ತಾಯಿ ಮಗಳನ್ನು ಕರೆಸಿದರು. ಹೇಗೆ ತೆಗೆಯುತ್ತಾರೆ, ಎಷ್ಟು ನೋವು, ಎಲ್ಲ ಹೇಳಿದ ಮೇಲೆ, ಸಮಾಧಾನದ ಮಾತೆಂಬಂತೆ ಇನ್ನೊಂದನ್ನು ಸೇರಿಸಿದರು.

"ನಿಮ್ಮ ತಮ್ಮನ ಉಗುರು ನೋಡಿ ನನಗೆ ಬೇರೆಯೇ ಒಂದು ಭಯವಿತ್ತು. ನಿಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ ಎಂದ ಮೇಲೆ ಬಿಟ್ಟೆ."

"ಎಂಥ ಭಯ?" ಎಂದಳು ಸುಮಂಗಲಾ.

ಡಾಕ್ಟರು ಕಾಶವ್ವನ ಇಳಕಲ್ ಸೀರೆಯ ಸೆರಗಿನ ತುದಿ ಹಿಡಿದು ತೋರಿಸಿದರು. ಈ ಗೊಂಡೆ ಯಾಕೆ ಕಟ್ಟುತ್ತಾರೆ? ನೂಲು ಬಿಚ್ಚಬಾರದೆಂದು. ನಮ್ಮ ಮೈಯ ಪ್ರತಿ ಜೀವಕೋಶದೊಳಗೂ ತಾಯಿ ತಂದೆ ಕೊಟ್ಟ ವರ್ಣತಂತುಗಳಿವೆ, ಅವುಗಳ ತುದಿಗೂ ಇಂಥ ಕಟ್ಟು ಇದೆ, ಅದಕ್ಕೆ ಟೆಲೊಮಿಯರ್ ಎನ್ನುತ್ತಾರೆ. ಕೋಶ ಒಂದು ಎರಡಾದಾಗಲೆಲ್ಲ ಆ ತುದಿ ಒಂದಿಷ್ಟು ಸವೆಯುತ್ತದೆ. ತೀರ ಗಿಡ್ಡವಾದಾಗ ಕೋಶ ಎರಡಾಗುವುದನ್ನು ನಿಲ್ಲಿಸುತ್ತದೆ. ಕೋಶದ ಮುಪ್ಪು ಎಂದರೆ ಅದೇ. ಎಲ್ಲರಿಗೂ ಹೀಗೇ, ನಿಧಾನವಾಗಿ. ಆದರೆ ಕೆಲವು ಮನೆತನಗಳಲ್ಲಿ ಹುಟ್ಟುವಾಗಲೇ ಆ ತುದಿಗಳು ಗಿಡ್ಡ. ಅಪ್ಪನದಕ್ಕಿಂತ ಮಗನದು ಗಿಡ್ಡ. ಅಜ್ಜನಿಗೆ ಐವತ್ತರಲ್ಲಿ ಬಂದ ಮುಪ್ಪು ಮಗನಿಗೆ ನಲವತ್ತರಲ್ಲಿ, ಮೊಮ್ಮಗನಿಗೆ ಅದಕ್ಕೂ ಮೊದಲು. ಒಬ್ಬರಿಗೆ ಬರೀ ಕೂದಲು, ಒಬ್ಬರಿಗೆ ಪುಪ್ಪುಸ, ಒಬ್ಬರಿಗೆ ಮಜ್ಜೆ.

"ಹಾಂಗಿದ್ದರ?" ಸುಮಂಗಲಾಳ ಬಾಯಿಂದ ಮರಾಠಿ ಹೊರಡಲಿಲ್ಲ.

ಡಾಕ್ಟರಿಗೆ ಕನ್ನಡ ಬಾರದಿದ್ದರೂ ಪ್ರಶ್ನೆ ತಿಳಿಯಿತು. ಹಾಗಿದ್ದರೆ ನಿಮ್ಮ ಮಜ್ಜೆ ಮುಟ್ಟುವಂತಿಲ್ಲ ಎಂದರು. ಹೊರಗೆ ಗಟ್ಟಿಮುಟ್ಟಾಗಿ ಕಂಡರೂ ಒಡಹುಟ್ಟಿದವರಲ್ಲಿ ಅದೇ ಗಿಡ್ಡ ತುದಿ ಇರಬಹುದು. ಅಂಥ ಮಜ್ಜೆ ಹೊಸ ಮೈಯಲ್ಲಿ ಚಿಗುರುವುದಿಲ್ಲ. ಅಲ್ಲದೆ ಹೊಸದನ್ನು ಹಾಕುವ ಮೊದಲು ಹಳೆಯ ಮಜ್ಜೆಯನ್ನು ಔಷಧ ಕೊಟ್ಟು ಸುಡುತ್ತೇವೆ, ಎಲ್ಲರಿಗೂ ಕೊಡುವ ಅಳತೆಯ ಔಷಧ ಅಂಥ ರೋಗಿಗೆ ವಿಷವಾದೀತು. "ಆದರೆ ನಿಮಗೆ ಆ ಚಿಂತೆಯಿಲ್ಲ" ಎಂದು ನಕ್ಕು, ಸುಮಂಗಲಾಳ ಕರಿ ಜಡೆಯ ಕಡೆ ಮೆಚ್ಚಿಗೆಯಿಂದ ನೋಡಿದರು.

ಅಜ್ಜ, ಅಪ್ಪ, ತಮ್ಮ, ಒಬ್ಬೊಬ್ಬರಾಗಿ ಸುಮಂಗಲಾಳ ಕಣ್ಣ ಮುಂದೆ ಬಂದು ನಿಂತರು. ಅವರ ಹಿಂದೆ ತಾನು. ಹದಿನೆಂಟು ವರ್ಷ ತನ್ನ ಕೂದಲಿಗೆ ಮಾತ್ರ ಮುಪ್ಪು ಬಂದಿದೆ, ಮೈಗಲ್ಲ ಎಂದು ನಂಬಿಕೊಂಡಿದ್ದಳು. ಮೈಯೊಳಗೆಲ್ಲ ಏನೋ ಸವೆಯುತ್ತಿದೆ ಎಂದು ಈಗ ಅನಿಸಿತು, ರಸ್ತೆ ದಾಟುವಾಗಲೂ ಅನಿಸಿತು, ರಿಕ್ಷಾದಲ್ಲಿ ಕುಳಿತಾಗಲೂ ಅನಿಸಿತು.

ತವರುಮನೆಗೆ ಬಂದ ಮೇಲೆ ತಾಯಿಯ ಎದುರು ಕುಳಿತಳು. "ಅವ್ವಾ, ಡಾಕ್ಟರಿಗೆ ಖರೇ ಹೇಳೂಣು."

"ಏನ ಖರೇ?" ಕಾಶವ್ವ ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಅಪ್ಪಾಂದು. ನಂದು. ಕೇಳಲಿಲ್ಲೇನು ಡಾಕ್ಟರು ಏನಂದ್ರು? ನನ್ನ ಮಜ್ಜಿ ಕೊಟ್ರ ಅಂವ ಸಾಯ್ತಾನವ್ವಾ."

"ಕೊಡದಿದ್ರ ಬದಕತಾನ ಏನ?" ಮೊರ ಸರಿಸಿ ಕಾಶವ್ವ ಒಮ್ಮೆಲೇ ಸಿಡಿದಳು. "ಇಡೀ ಜಗತ್ತಿನ್ಯಾಗ ಹೊಂದೂದು ನಿಂದೊಂದ. ಅದನ್ನೂ ಬ್ಯಾಡ ಅಂದ್ರ ನನ್ನ ಮಗಗ ಯಾರ ಕೊಡ್ತಾರ? ಹೊಂದತದ ಅಂತ ಅವರ ಹೇಳ್ಯಾರ. ಬಾಯಿ ಮುಚಗೊಂಡು ಕೊಡು. ನಿನಗೂ ಒಂದು ಹೆಣ್ಣ ಕೂಸು ಅದ. ನಾಳೆ ಆಕೀನ್ನ ಯಾರ ಕೇಳ್ತಾರ ಅಂತ ವಿಚಾರ ಮಾಡು."

ಕಾಶವ್ವ ಕೆಟ್ಟವಳಲ್ಲ. ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಮೆಣಸಿನಪುಡಿ ಕುಟ್ಟಿ ಬೆಳೆಸಿದವಳು. ಹೆದರಿಕೆ ಅವಳಿಗೂ ಇತ್ತು, ಮಗಳಿಗಿಂತ ಒಂದು ಕೈ ಹೆಚ್ಚೇ ಇತ್ತು. ಆ ಹೆದರಿಕೆಯಲ್ಲಿ ಆಕೆಗೆ ಕಂಡದ್ದು ಒಂದೇ ಬಾಗಿಲು, ಅದನ್ನು ಮಗಳು ಮುಚ್ಚುವುದನ್ನು ಆಕೆ ಸಹಿಸಲಾರಳು.

ಗಣಪತಿಯ ದಿನಗಳು ಹೇಗೆ ಕಳೆದವೋ ಸುಮಂಗಲಾಳಿಗೆ ತಿಳಿಯಲಿಲ್ಲ. ಹೇಳಿದರೆ ಗಂಡ ಏನು ಮಾಡುವನೋ, ಅತ್ತೆ ಏನು ಮಾಡುವಳೋ. ಹೇಳದಿದ್ದರೆ ತನ್ನ ಎಲುಬಿನಿಂದ ತೆಗೆದದ್ದೇ ತಮ್ಮನನ್ನು ತಿನ್ನುವುದೋ. ಹೇಳಿ, ಪರೀಕ್ಷೆಯಲ್ಲಿ ತನಗೆ ಏನೂ ಇಲ್ಲ ಎಂದು ಬಂದರೆ? ಈ ಆಸೆಗೂ ಹೆದರಿದಳು. ಮಗಳು ಸ್ನೇಹಲ್ ಜಡೆ ಹಾಕಿಸಿಕೊಳ್ಳಲು ಬೆನ್ನು ಮಾಡಿ ಕುಳಿತರೆ ಸುಮಂಗಲಾ ಆ ಪುಟ್ಟ ತಲೆಯನ್ನು ನೋಡಲಾರದೆ ಬಾಚಣಿಗೆಯನ್ನು ಅತ್ತೆಯ ಕೈಗೆ ಕೊಟ್ಟು ಏಳುತ್ತಿದ್ದಳು.

ಗಣಪತಿ ಹೋದ ಮಾರನೆಯ ದಿನ ಪಾರ್ಲರಿನ ಬಾಗಿಲು ಹಾಕಿಕೊಂಡು ಬಣ್ಣ ಕಲಸಿದಳು. ಆಸ್ಪತ್ರೆಗೆ ಸೇರುವ ಮೊದಲು ಕಡೆಯ ಭೇಟಿ ಮರುದಿನವಿತ್ತು, ಬೈತಲೆಯಲ್ಲಿ ಬಿಳಿ ಗೆರೆ ಎದ್ದಿತ್ತು. ಬ್ರಶ್ಶು ಎತ್ತಿದಳು. ಇದೊಂದು ಸಲ ಹಚ್ಚಿದರೆ ತಾನು ತಮ್ಮನ ಮೈಗೆ ವಿಷ ಹಚ್ಚಿದಂತೆ ಎಂದು ಎನಿಸಿತು. ಬಟ್ಟಲಿನ ಬಣ್ಣ ಒಣಗಿ ಬಿರುಕು ಬಿಡುವವರೆಗೂ ಹಾಗೇ ಕುಳಿತಿದ್ದಳು, ಆಮೇಲೆ ಬಟ್ಟಲನ್ನು ಮೋರಿಗೆ ಬೋರಲು ಹಾಕಿ ಎದ್ದಳು.

ಮರುದಿನ ದಿಗಂಬರ ರಜೆ ಹಾಕಿ ಜೊತೆಗೆ ಬಂದಿದ್ದ. ಡಾಕ್ಟರ್ ಭಾಮಾ, ಇನ್ನೇನಾದರೂ ಕೇಳುವುದಿದೆಯೇ ಎಂದರು. ಸುಮಂಗಲಾ ತಲೆಯ ಮೇಲಿನ ಸೆರಗು ಸರಿಸಿ, ಪಿನ್ನುಗಳನ್ನು ತೆಗೆದು, ಮೇಜಿನ ಮೇಲೆ ತಲೆ ಬಾಗಿಸಿದಳು. ಡಾಕ್ಟರ ಬೆರಳುಗಳು ಬೈತಲೆಯನ್ನು ಬಿಡಿಸುವುದು ತಿಳಿಯಿತು, ಅಲ್ಲಿ ನಿಲ್ಲುವುದೂ ತಿಳಿಯಿತು.

"ಯಾವಾಗಿನಿಂದ?"

"ಹದಿನೈದನೇ ವರ್ಷದಿಂದ. ತಂದೆಯದು ಆಕ್ಸಿಡೆಂಟ್ ಅಲ್ಲ. ಕೆಮ್ಮಿ ಕೆಮ್ಮಿ ಹೋದರು. ಅಜ್ಜ ಐವತ್ತೈದಕ್ಕೆ ಹೋದರು." ಎಲ್ಲವನ್ನೂ ತಲೆ ಬಾಗಿಸಿಕೊಂಡೇ ಹೇಳಿದಳು. ಗಂಡನ ಮುಖ ನೋಡುವ ಧೈರ್ಯ ಇರಲಿಲ್ಲ.

ಡಾಕ್ಟರು ಅಲ್ಲಿಯೇ ಫೋನು ಎತ್ತಿ, ಗೊತ್ತುಮಾಡಿದ್ದೆಲ್ಲವನ್ನೂ ನಿಲ್ಲಿಸಿದರು. ಅಕ್ಕ ತಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಪರದೇಶಕ್ಕೆ ಕಳಿಸಬೇಕು, ಇಲ್ಲಿ ಆ ಸೌಕರ್ಯವಿಲ್ಲ ಎಂದರು. ದಿಗಂಬರ ಸ್ಕೂಟರಿನ ಮೇಲೆ ಆಕೆಯನ್ನು ಮನೆಗೆ ಕರೆತಂದ. ಬೈದಿದ್ದರೆ ಆಕೆಗೆ ಅರ್ಧ ಭಾರ ಇಳಿಯುತ್ತಿತ್ತು.

ಬೈಯುವ ಕೆಲಸವನ್ನು ಚನ್ನಬಸವ್ವ ಮಾಡಿದಳು. "ಇಷ್ಟ ವರ್ಷ ತಾಯಿ ಮಗಳು ಕೂಡಿ ನನ್ನ ಕಣ್ಣಿಗೆ ಮಣ್ಣ ಹಾಕಿದ್ರಲ್ಲವಾ" ಎಂದು ಎದೆ ಬಡಿದುಕೊಂಡಳು. ಆಮೇಲೆ ಶಾಲೆಯಿಂದ ಬಂದ ಮೊಮ್ಮಗಳನ್ನು ಬಿಸಿಲಿಗೆ ಎಳೆದು ಕೂರಿಸಿ, ಹೇನು ನೋಡುವವರಂತೆ ಅವಳ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡತೊಡಗಿದಳು. ಏನೂ ಸಿಗಲಿಲ್ಲ. ಆದರೂ ಮುದುಕಿ ಕೈ ಬಿಡಲಿಲ್ಲ. ಯಾಕಜ್ಜಿ ನೋಯಿಸುತ್ತೀ ಎಂದು ಹುಡುಗಿ ಅತ್ತಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಂಗಲಾಳಿಗೆ ಬೈಗುಳಕ್ಕಿಂತ ಅದು ಹೆಚ್ಚು ಹೆದರಿಕೆ ಹುಟ್ಟಿಸಿತು.

ದೀಪಾವಳಿಯ ಹೊತ್ತಿಗೆ ಉತ್ತರ ಬಂದಿತು. ಬಸವಪ್ರಭುವಿನ ತುದಿಗಳು ಅವನ ವಯಸ್ಸಿನ ಯಾರಿಗೂ ಇರಬಾರದಷ್ಟು ಗಿಡ್ಡ. ಅಕ್ಕನವು ಅದಕ್ಕಿಂತ ಒಂದಿಷ್ಟೇ ಉದ್ದ. "ನೀವು ಹೇಳದಿದ್ದರೆ ನಾನು ಆ ಹುಡುಗನನ್ನು ನನ್ನ ಕೈಯಾರೆ ಕೊಲ್ಲುತ್ತಿದ್ದೆ" ಎಂದು ಡಾಕ್ಟರ್ ಭಾಮಾ ನೇರವಾಗಿಯೇ ಹೇಳಿದರು. ಅವನಿಗೆ ಹಾರ್ಮೋನಿನ ಗುಳಿಗೆ ಶುರುಮಾಡೋಣ, ಕೆಲವರಲ್ಲಿ ರಕ್ತ ಏರುತ್ತದೆ. ಹೊರಗಿನ ದಾನಿಯನ್ನೂ ಹುಡುಕೋಣ, ಭರವಸೆ ಕೊಡಲಾರೆ ಎಂದರು. ಸುಮಂಗಲಾ ಆರು ತಿಂಗಳಿಗೊಮ್ಮೆ ರಕ್ತ, ಪುಪ್ಪುಸ ತೋರಿಸಿಕೊಳ್ಳಬೇಕು. ಮಗಳಿಗೆ ಬಂದಿರುವುದು, ಬಾರದಿರುವುದು ಸರಿಪಾಲು. ಬೇಕಿದ್ದರೆ ಪರೀಕ್ಷೆ ಮಾಡಬಹುದು.

ದಿಗಂಬರ ಆಗ ನಡುವೆ ಬಾಯಿ ಹಾಕಿದ. "ಅವಳದು ಏನೂ ಬೇಡ. ಅವಳಿಗೆ ಏನೇನೂ ಇಲ್ಲ."

ಅದು ಅವನ ದನಿ, ಮಾತು ಕಾಶವ್ವನದು. ತನಗೆ ಮೋಸವಾಯಿತೆಂದು ಇಷ್ಟು ದಿನ ಮುಖ ಗಂಟು ಹಾಕಿಕೊಂಡಿದ್ದ ಮನುಷ್ಯ ಈಗ ಅದೇ ಸುಳ್ಳಿನ ಮೊದಲ ಕಂತನ್ನು ಕಟ್ಟುತ್ತಿದ್ದ. ಸುಮಂಗಲಾಳಿಗೆ ಅವನ ಮೇಲೆ ಸಿಟ್ಟು ಬಂದಿತು, ಅದಕ್ಕಿಂತ ಹೆಚ್ಚು ಕನಿಕರ ಬಂದಿತು. "ಆಕಿ ದೊಡ್ಡಾಕಿ ಆಗಿ ತಾನ ಬೇಕಂದಾಗ ಮಾಡಸೂಣ್ರಿ. ಆದ್ರ ಇಲ್ಲಂತ ಹೇಳಬ್ಯಾಡ್ರಿ. ಗೊತ್ತಿಲ್ಲಂತ ಹೇಳ್ರಿ" ಎಂದಳು. ಅವನು ತಲೆ ತಗ್ಗಿಸಿದ.

ತಮ್ಮನಿಗೆ ಹೇಳುವುದು ಆಕೆಯ ಪಾಲಿಗೇ ಬಂದಿತು. ಕಾಶವ್ವ ಮಗಳ ಮುಖ ನೋಡುವುದನ್ನೇ ಬಿಟ್ಟಿದ್ದಳು. ಅಕ್ಕ ಆಸ್ಪತ್ರೆಯ ಕೋಣೆಯೊಳಗೆ ಬಂದದ್ದೇ ತಾಯಿ ಎದ್ದು ಹೊರಗೆ ನಡೆದಳು. ಬಸವಪ್ರಭು ದಿಂಬಿಗೆ ಒರಗಿ ಕುಳಿತಿದ್ದ, ಮುಖದಲ್ಲಿ ಹನಿ ರಕ್ತವಿಲ್ಲ. ಕಾಯಿಲೆ ಬಿದ್ದಾಗಿನಿಂದ ಒಬ್ಬನೇ ಇರಲು ಹೆದರುತ್ತಿದ್ದ, ನರ್ಸು ಬಾಗಿಲು ಮುಚ್ಚಿದರೂ ತೆರೆದಿಡಿ ಎನ್ನುತ್ತಿದ್ದ. ಸುಮಂಗಲಾ ಮಂಚದ ಪಕ್ಕ ಕುಳ್ಳ ಸ್ಟೂಲಿನ ಮೇಲೆ ಕುಳಿತು, ನೆಲ ನೋಡುತ್ತ, ತನ್ನ ಮಜ್ಜೆ ಯಾಕೆ ಆಗುವುದಿಲ್ಲ ಎಂಬುದನ್ನೂ ಗುಳಿಗೆಯ ವಿಷಯವನ್ನೂ ಬೇರೆ ದಾನಿಯ ವಿಷಯವನ್ನೂ ಗಡಬಡಿಸಿ ಹೇಳಿದಳು. ಮೊದಲೇ ಹೇಳದಿದ್ದುದಕ್ಕೆ ತಪ್ಪಾಯಿತು ಎಂದಳು. ಅವನು ಕೂಗಾಡುವನೆಂದು, ಅಳುವನೆಂದು ಕಾದಳು.

ಅವನು ಆಕೆಯ ತಲೆಯನ್ನೇ ನೋಡುತ್ತಿದ್ದ. ಎರಡು ತಿಂಗಳ ಬಿಳಿ ಅಲ್ಲಿ ಅಗಲವಾಗಿ ಇಳಿದಿತ್ತು.

"ಅಕ್ಕಾ, ಅಂದ್ರ... ಈ ಜಡ್ಡು ನಿನಗೂ ಅದ ಏನು?"

ಸುಮಂಗಲಾ ತಲೆ ಎತ್ತಿದಳು. ಇಷ್ಟು ದಿನದಲ್ಲಿ ತಾಯಿ ಮಗನಿಗಾಗಿ ಹೆದರಿದ್ದಳು, ಗಂಡ ಮಗಳಿಗಾಗಿ ಹೆದರಿದ್ದ, ಅತ್ತೆ ಮೊಮ್ಮಗಳಿಗಾಗಿ ಹೆದರಿದ್ದಳು. ಈ ಒಂದು ಮಾತನ್ನು ಆಕೆಗೆ ಯಾರೂ ಕೇಳಿರಲಿಲ್ಲ.

"ಹೂಂನಪಾ. ನನಗೂ ಅದ."

ಅಷ್ಟು ಹೇಳುವುದರೊಳಗೆ ಆಕೆಗೆ ಬಿಕ್ಕಿ ಬಿಕ್ಕಿ ಅಳು ಬಂದಿತು, ತಮ್ಮನಿಗಾಗಿ ಅಲ್ಲ, ತನಗಾಗಿ. ಬಸವಪ್ರಭು ಸಲೈನಿನ ಕೈಯನ್ನು ಮೆಲ್ಲಗೆ ಎತ್ತಿ ಹಿಡಿದು, ಮಂಚದ ಮೇಲೆ ಒಂದಿಷ್ಟು ಸರಿದು ಆಕೆಗೆ ಜಾಗ ಮಾಡಿದ.

"ಮ್ಯಾಲ ಬಾ. ಇಲ್ಲೆ ಕೂಡು."

"ಭಾಳ ಅಂಜಿಕಿ ಬರ್ತದೋ" ಎಂದಳು ಆಕೆ.

"ನನಗೂ" ಎಂದ ಅವನು, ಆಕೆಯ ಕೈ ಹಿಡಿದುಕೊಂಡು.